ಹೊಳೆ ಇಳಿದ ಮೇಲೆ ಮಕ್ಕಳಿಗೆ ನಿಜವಾಗಿ ಏನು ಬೇಕು? ನೆರೆ ಕಂಡವರು ಹೇಳಿ

ವಿದ್ಯಾನಗರ ಓಣಿ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ನಮ್ಮ ಓಣಿಯವರು ಸೇರಿ ಒಂದು ಟೆಂಪೊ ತುಂಬ ಸಾಮಾನು ಒಯ್ದಿದ್ದೆವು. ಕೊಣ್ಣೂರ ಹತ್ತಿರ ಹೆದ್ದಾರಿ ಮೇಲೆ ನೀರು ಬಂದು ಗಾಡಿಗಳು ನಿಂತಿದ್ದವು. ನೀರು ಇಳಿದು ದಾರಿ ಬಿಟ್ಟ ಮೇಲೆ ನರಗುಂದ ದಾಟಿ ಹೋದೆವು.

ಮನೆಮನೆಯಿಂದ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಂದು ತಾಸಿನಲ್ಲಿ ಖಾಲಿ ಆಯಿತು. ಬಟ್ಟೆ ಮಾತ್ರ ಉಳಿಯಿತು. ನಮಗಿಂತ ಮೊದಲು ಬಂದವರು ಬಿಟ್ಟುಹೋದ ಬಟ್ಟೆ ರಸ್ತೆ ಬದಿ ರಾಶಿ ಬಿದ್ದು ಮಳೆಯಲ್ಲಿ ತೊಯ್ಯುತ್ತಿತ್ತು. ಗುಂಡಿ ಕಿತ್ತ ಅಂಗಿ, ಜರಿ ಸೀರೆ, ದೊಡ್ಡವರ ಪ್ಯಾಂಟು. ಆರೇಳು ವರ್ಷದ ಹುಡುಗ ಒಬ್ಬ ಬಂದು, "ಅಂಕಲ್, ನನ್ನ ಅಳತಿ ಚಡ್ಡಿ ಐತೇನ್ರಿ?" ಎಂದು ಕೇಳಿದ. ಇಡೀ ಟೆಂಪೊದಲ್ಲಿ ಒಂದೂ ಇರಲಿಲ್ಲ. ಆ ಹುಡುಗನ ಮುಖ ನನಗೆ ಇನ್ನೂ ಮರೆತಿಲ್ಲ.

ಈಗ ನಾವು 20 ಮನೆಯವರು ತಿಂಗಳು ತಿಂಗಳು ಸ್ವಲ್ಪ ದುಡ್ಡು ತೆಗೆದಿಡುತ್ತಿದ್ದೇವೆ. ನವಿಲುತೀರ್ಥ ಡ್ಯಾಮಿನ ಗೇಟು ತೆಗೆದರು ಅನ್ನುವ ಸುದ್ದಿ ಬಂದ ಮೇಲೆ ಗಡಿಬಿಡಿ ಮಾಡುವುದು ಬೇಡ, ಮೊದಲೇ ಕೇಳಿಕೊಂಡು ಸಿದ್ಧ ಆಗೋಣ ಅಂತ. ಸಣ್ಣ ಮಕ್ಕಳು, ಬಾಣಂತಿಯರು, ಶಾಲೆಗೆ ಹೋಗುವ ಮಕ್ಕಳು, ಇವರಿಗೆ ಏನು ತರಬೇಕು? ಏನು ತರಲೇಬಾರದು? ಹೊಳೆ ದಂಡೆಯವರೇ ಹೇಳಿದರೆ ಉಪಕಾರ.

ಹೊಳೆಸಾಲಿನ ಮಗಳು, ರೋಣ ತಾಲ್ಲೂಕು

ಅಣ್ಣಾ, ಹೀಗೆ ಮೊದಲೇ ಕೇಳುವವರು ಕಡಿಮೆ. ನನಗೆ ಗೊತ್ತಿರುವುದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬಂದೇ ಬರುತ್ತಾರೆ. ನಾನೂ ಎರಡು ಮಕ್ಕಳನ್ನು ಕರೆದುಕೊಂಡು ಬಂದಿದ್ದೆ. ಮಗಳಿಗೆ 6 ವರ್ಷ, ಮಗ 7 ತಿಂಗಳ ಕೂಸು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದ್ದರು. ಉಂಡಿ ಡಬ್ಬಿ ತುಂಬಿತ್ತು. ಹಬ್ಬದ ಬೆನ್ನಿಗೇ ಊರಲ್ಲಿ ಡಂಗುರ ಆಯಿತು, ಹೊಳೆ ಬರುತ್ತದೆ, ಎತ್ತರಕ್ಕೆ ಹೋಗಿ ಅಂತ. ನಮ್ಮಪ್ಪ ದನ ಬಿಚ್ಚಿದ. ಅವ್ವ ಉಂಡಿ ಡಬ್ಬಿ ಎತ್ತಿಕೊಂಡಳು. ನಾನು ಕೂಸು ಎತ್ತಿಕೊಂಡೆ. ಉಳಿದದ್ದೆಲ್ಲ ಅಲ್ಲೇ. ಕೌದಿ, ಕಾಳು, ಆಧಾರ್ ಕಾರ್ಡು, ಕೂಸಿನ ಲಸಿಕೆ ಬರೆದಿಡುವ ತಾಯಿ ಕಾರ್ಡು.

ನೆರೆ ಬಂದ ಊರಿನವರನ್ನು ಇರಿಸುವ ಕಾಳಜಿ ಕೇಂದ್ರದಲ್ಲಿ ರೇಷನ್ ಕಾರ್ಡು ನೋಡಿ ಪಟ್ಟಿ ಬರೆದರು. ನನ್ನ ಹೆಸರು ಗಂಡನ ಊರಿನ ಕಾರ್ಡಿನಲ್ಲಿದೆ. ಹಾಗಾಗಿ ನಾನೂ ಮಕ್ಕಳೂ ಪಟ್ಟಿಯಲ್ಲಿ ಇಲ್ಲ. ನನ್ನಂಥವರು ಆ ಒಂದು ಕೇಂದ್ರದಲ್ಲೇ ಹತ್ತಾರು ಮಂದಿ ಇದ್ದೆವು, ಎಲ್ಲರೂ ಪಂಚಮಿಗೆ ಬಂದವರು. ಊಟಕ್ಕೆ ಯಾರೂ ಇಲ್ಲ ಅನ್ನಲಿಲ್ಲ. ಆದರೆ ಕಿಟ್ ಹಂಚುವಾಗ ನಮ್ಮ ಮಕ್ಕಳು ಬರಿಗೈಲಿ ನಿಂತರು. ನೀವು ಹಂಚುವುದಾದರೆ ದಯವಿಟ್ಟು ಪಟ್ಟಿಯನ್ನಷ್ಟೇ ನೋಡಬೇಡಿ. ಅಲ್ಲಿ ಮಲಗಿರುವ ಮಕ್ಕಳನ್ನು ಎಣಿಸಿ.

ಮೊದಲ ವಾರ ಎಲ್ಲರೂ ಬರುತ್ತಾರೆ. ಪುಲಾವು, ಬಿಸ್ಕತ್ತು, ನೀರಿನ ಬಾಟಲಿ, ಫೋಟೊ. ಬಿಸ್ಕತ್ತು ತಿಂದು ತಿಂದು ನನ್ನ ಮಗಳು ಊಟವನ್ನೇ ಬಿಟ್ಟಿದ್ದಳು. ಮೂರನೇ ವಾರ ಮನೆಗೆ ಹೋದೆವು. ಮೊಣಕಾಲವರೆಗೆ ರಾಡಿ. ಕೌದಿ ಒಣಗುವುದಿಲ್ಲ, ಒಲೆ ಹೊತ್ತುವುದಿಲ್ಲ, ನೆಲದ ಹಗೇವಿನಲ್ಲಿ ಕೂಡಿಟ್ಟ ಜೋಳ ಕೊಳೆತು ನಾತ. ಆಗ ಯಾರೂ ಇರಲಿಲ್ಲ. ಮಕ್ಕಳಿಗೆ ಜ್ವರ, ಭೇದಿ ಶುರು ಆದದ್ದೂ ಆಗಲೇ.

ನಮಗೆ ಅವತ್ತು ಬೇಕಾಗಿದ್ದದ್ದು ಒಣಗಿದ ಹಾಸಿಗೆ, ಮುಚ್ಚಳ ಇರುವ ಕೊಡ, ಮಕ್ಕಳ ಒಳಬಟ್ಟೆ, ಸೊಳ್ಳೆ ಪರದೆ, ಟಾರ್ಚು. ಟಾರ್ಚು ಯಾಕೆ ಅಂತ ಗಂಡಸರಿಗೆ ಬೇಗ ತಿಳಿಯುವುದಿಲ್ಲ. ಕತ್ತಲಲ್ಲಿ ಬಯಲಿಗೆ ಹೋಗಲು ಹೆದರಿ ದೊಡ್ಡ ಹುಡುಗಿಯರು ಸಂಜೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಪ್ಯಾಡು ಬೇಕು ಅಂತ ಹಂಚಲು ಬಂದ ಹುಡುಗರ ಹತ್ತಿರ ಕೇಳುವುದಾದರೂ ಹೇಗೆ? ನಿಮ್ಮ ಜೊತೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬನ್ನಿ.

ಇನ್ನೊಂದು ಮಾತು. ಮುಂದೆ ಒಂದು ವರ್ಷದವರೆಗೆ ಜೋರು ಮಳೆ ಬಂದರೆ ಸಾಕು, ನನ್ನ ಮಗಳು ಪಾಟಿಚೀಲ ತಂದು ಬಾಗಿಲ ಹತ್ತಿರ ಇಟ್ಟುಕೊಂಡು ಕೂರುತ್ತಿದ್ದಳು. ಮಲಗು ಅಂದರೆ ಮಲಗುತ್ತಿರಲಿಲ್ಲ.

ಕೇಶ್ವಾಪುರದವ

ಅಕ್ಕಾ, ಓದಿ ಹೊಟ್ಟೆಯಲ್ಲಿ ಸಂಕಟ ಆಯಿತು. ನಮ್ಮ ಗೆಳೆಯರು ಹಾಲಿನ ಪುಡಿ ಡಬ್ಬಿ, ಫೀಡಿಂಗ್ ಬಾಟಲಿ ಜಾಸ್ತಿ ತರಬೇಕು ಅಂತಿದ್ದಾರೆ. ಕೂಸುಗಳಿಗೆ ಅದೇ ಮುಖ್ಯ ಅಲ್ವಾ?

ಅಂಗನವಾಡಿ ಅಕ್ಕ, ನರಗುಂದ ಕಡೆ

ತಮ್ಮಾ, ಅದೊಂದು ಮಾತ್ರ ತರಬೇಡ. ನಿನ್ನ ಮನಸ್ಸು ಒಳ್ಳೆಯದು, ಅದಕ್ಕೇ ಬಿಡಿಸಿ ಹೇಳುತ್ತೇನೆ.

ನೆರೆ ಬಂದಲ್ಲಿ ಮೊದಲು ಕೆಡುವುದು ನೀರು. ಪುಡಿ ಕಲಸಲು ಕುದಿಸಿದ ನೀರು ಬೇಕು. ಬಾಟಲಿ, ನಿಪ್ಪಲ್ ಸಲ ಸಲಕ್ಕೂ ಕುದಿಸಿ ತೊಳೆಯಬೇಕು. ಅಲ್ಲಿ ಕಟ್ಟಿಗೆಯೆಲ್ಲ ತೊಯ್ದಿರುತ್ತದೆ, ಗ್ಯಾಸ್ ಇರುವುದಿಲ್ಲ, ನೂರು ಜನಕ್ಕೆ ಒಂದು ನಳ. ರಾಡಿ ನೀರಿನಲ್ಲಿ ಕಲಸಿದ ಹಾಲು ಕುಡಿದ ಕೂಸಿಗೆ ಭೇದಿ ಹಿಡಿಯುತ್ತದೆ. ಅಷ್ಟರಲ್ಲಿ ತಾಯಿ ಎದೆಗೆ ಹಾಕುವುದನ್ನು ಬಿಟ್ಟಿರುತ್ತಾಳೆ. ಕೂಸು ಚೀಪದೇ ಇದ್ದರೆ ಹಾಲು ಕಡಿಮೆ ಆಗುತ್ತದೆ. ಡಬ್ಬಿ ಖಾಲಿ ಆದ ದಿನ ಅದೂ ಇಲ್ಲ, ಇದೂ ಇಲ್ಲ.

ನಮ್ಮ ದೇಶದಲ್ಲಿ ಇದಕ್ಕೆ 1992ರ ಕಾನೂನೇ ಇದೆ. ಹಾಲಿನ ಪುಡಿ, ಬಾಟಲಿಗಳನ್ನು ದಾನವಾಗಿ ಹಂಚುವಂತಿಲ್ಲ. ಅನಾಥಾಶ್ರಮಕ್ಕೆ ಮಾತ್ರ ವಿನಾಯಿತಿ. ಇದು ತರಬೇತಿಯಲ್ಲಿ ಹೇಳಿಕೊಟ್ಟ ಮಾತು, ಆದರೆ ಹೊರಗಿನಿಂದ ಬರುವವರಿಗೆ ಗೊತ್ತಿರುವುದಿಲ್ಲ.

"ಹೆದರಿಕೆಗೆ ಎದೆಹಾಲು ಬತ್ತಿತು" ಅಂತ ಬಹಳ ಬಾಣಂತಿಯರು ಅಳುತ್ತಾರೆ. ಬತ್ತಿರುವುದಿಲ್ಲ. ಗಾಬರಿ ಆದಾಗ ಹಾಲು ಇಳಿಯುವುದು ಸ್ವಲ್ಪ ತಡ ಆಗುತ್ತದೆ, ಅಷ್ಟೇ. ಒಂದು ಮೂಲೆಗೆ ಸೀರೆ ಕಟ್ಟಿ ಮರೆ ಮಾಡಿ, ತಾಯಿಗೆ ಹೊಟ್ಟೆ ತುಂಬ ಊಟ ಹಾಕಿ, ಕುಡಿಯಲು ನೀರು ಕೊಟ್ಟು, ಕೂಸನ್ನು ಮತ್ತೆ ಮತ್ತೆ ಎದೆಗೆ ಹಾಕಿಸಿದರೆ ಬರುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ. 2019ರಲ್ಲಿ ನಮ್ಮ ಕೇಂದ್ರದಲ್ಲಿ 20 ದಿನದ ಬಾಣಂತಿ ಒಬ್ಬಳಿದ್ದಳು. ನೂರು ಜನರ ಕಣ್ಣೆದುರು ಹಾಲು ಕುಡಿಸಲು ನಾಚಿ ಕೂಸಿಗೆ ಸಕ್ಕರೆ ನೀರು ಹಾಕುತ್ತಿದ್ದಳು. ಎರಡು ಸೀರೆ, ನಾಲ್ಕು ಮೊಳೆ, ಒಬ್ಬ ಅಜ್ಜಿಯ ಕಾವಲು. ಇಷ್ಟರಲ್ಲೇ ಆ ಕೂಸು ಉಳಿಯಿತು ಅಂತ ನಾನು ನಂಬಿದ್ದೇನೆ.

ತಾಯಿ ಇಲ್ಲದ ಕೂಸು, ತಾಯಿ ಆಸ್ಪತ್ರೆಯಲ್ಲಿರುವ ಕೂಸು ಇದ್ದರೆ ನಮಗೋ ಆಶಾ ಕಾರ್ಯಕರ್ತೆಗೋ ತೋರಿಸಿ. ಡಾಕ್ಟರ್ ಹೇಳಿದಂತೆ ಮಾಡುತ್ತೇವೆ. ಆಗಲೂ ಬಾಟಲಿ ಬೇಡ, ವಾಟಿ ಚಮಚ ಸಾಕು.

6 ತಿಂಗಳು ದಾಟಿದ ಮಕ್ಕಳಿಗೆ ಮೆತ್ತಗಿನ ಊಟ ಬೇಕು. ಪುಲಾವಿನ ಖಾರ ಅವು ಹೇಗೆ ತಿನ್ನುತ್ತವೆ? ಹೆಸರು ಬೇಳೆ, ಅಕ್ಕಿ ನುಚ್ಚು, ಬೆಲ್ಲ, ಶೇಂಗಾ ತಂದುಕೊಡಿ. ಒಂದು ಸಣ್ಣ ಪಾತ್ರೆ, ಒಂದು ಸ್ಟೋವ್ ಇದ್ದರೆ ನಾವೇ ಬೇರೆಯಾಗಿ ಬೇಯಿಸುತ್ತೇವೆ.

ಕೇಶ್ವಾಪುರದವ

ಅಕ್ಕಾರೆ, ಇದು ನನಗೆ ಗೊತ್ತೇ ಇರಲಿಲ್ಲ. ಗೆಳೆಯರಿಗೆ ಈಗಲೇ ಹೇಳುತ್ತೇನೆ. ಡಬ್ಬಿ ದುಡ್ಡಿನಲ್ಲಿ ಹೆಸರು ಬೇಳೆ, ಬೆಲ್ಲ ತರುತ್ತೇವೆ.

ಮಕ್ಕಳ ವೈದ್ಯ, ಹುಬ್ಬಳ್ಳಿ

ಅಂಗನವಾಡಿ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೆ ಎರಡು ಮಾತು ಸೇರಿಸುತ್ತೇನೆ.

ಭೇದಿ ಶುರುವಾದ ಮಗುವಿಗೆ ಓಆರ್‌ಎಸ್ ಪೊಟ್ಟಣ ಮೊದಲು. ಪೊಟ್ಟಣ ಇಲ್ಲ ಅಂದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಸಮಮಟ್ಟ ಇರಲಿ. ಉಪ್ಪು ಜಾಸ್ತಿ ಆದರೆ ಅಪಾಯ. ಜೊತೆಗೆ ಝಿಂಕ್ ಮಾತ್ರೆ, 6 ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಸಣ್ಣವರಿಗೆ 10 ಮಿಲಿಗ್ರಾಂ, ಒಟ್ಟು 14 ದಿನ. ಭೇದಿ ನಿಂತರೂ 14 ದಿನ ಮುಗಿಸಬೇಕು. ಇದನ್ನು ತಾಯಂದಿರು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಮಗುವಿಗೆ ಊಟ, ಎದೆಹಾಲು ನಿಲ್ಲಿಸಬಾರದು. ಕಣ್ಣು ಗುಳಿ ಬಿದ್ದರೆ, ಮಗು ಮಂಕಾಗಿ ಏನೂ ಕುಡಿಯದೆ ಇದ್ದರೆ, ರಕ್ತ ಬಿದ್ದರೆ ತಡ ಮಾಡದೆ 108ಕ್ಕೆ ಫೋನ್ ಮಾಡಿ.

ನೀರು ಕುದಿಸಲು ಆಗದ ಕಡೆ ಕ್ಲೋರಿನ್ ಮಾತ್ರೆ ಒಳ್ಳೆಯದು. ರಾಡಿ ನೀರಿಗೆ ನೇರವಾಗಿ ಹಾಕಿದರೆ ಕೆಲಸ ಮಾಡುವುದಿಲ್ಲ. ಮೊದಲು ತಿಳಿಯಾಗಲು ಬಿಡಿ, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ. ಮಾತ್ರೆ ಹಾಕಿ ಅರ್ಧ ತಾಸು ಬಿಟ್ಟು ಕುಡಿಯಿರಿ. ಒಂದು ಮಾತ್ರೆಗೆ ಎಷ್ಟು ಲೀಟರ್ ಅನ್ನುವುದು ಪೊಟ್ಟಣದ ಮೇಲೆ ಬರೆದಿರುತ್ತದೆ. ಅದನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ ಕೊಡಿ.

ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 20 ಜನಕ್ಕೆ ಒಂದು ಶೌಚಾಲಯ, ಇದು ನಿರಾಶ್ರಿತರ ಶಿಬಿರಗಳಿಗೆ ಜಗತ್ತಿನ ಎಲ್ಲ ಕಡೆ ಇಟ್ಟುಕೊಳ್ಳುವ ಲೆಕ್ಕ. ಹೋದ ಕೂಡಲೇ ಇದನ್ನು ಎಣಿಸಿ ನೋಡಿ. ಶೌಚಾಲಯ ಕಡಿಮೆ ಇದ್ದರೆ ಬಿಸ್ಕತ್ತು ಬಿಟ್ಟು ಆ ದುಡ್ಡನ್ನು ಅಲ್ಲಿಗೆ ಹಾಕಿ.

ತುಂಬಿದ ಕೇಂದ್ರಗಳಲ್ಲಿ ದಡಾರ ಬೇಗ ಹರಡುತ್ತದೆ. 9 ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಲಸಿಕೆ ಆಗಿರಬೇಕು. ತಾಯಿ ಕಾರ್ಡು ನೀರಿನಲ್ಲಿ ಹೋಗಿದ್ದರೂ ಆರೋಗ್ಯ ಕೇಂದ್ರದ ದಾಖಲೆಯಲ್ಲಿ ಸಿಗುತ್ತದೆ. ಕೇಳಿ ಹಾಕಿಸಿಕೊಳ್ಳಿ.

ಎರೆಹೊಲ, ನವಲಗುಂದ

ಡಾಕ್ಟರ್ ಸಾಹೇಬರೇ, ನೀರಿನ ಮಾತು ಬಂತು ಅಂತ ಹೇಳುತ್ತೇನೆ. ಮಲಪ್ರಭೆಗಾದರೆ ಡ್ಯಾಂ ಇದೆ. ನೀರು ಬಿಡುವ ಮೊದಲು ಸುದ್ದಿ ಬರುತ್ತದೆ. ನಮ್ಮ ಬೆಣ್ಣಿಹಳ್ಳಕ್ಕೆ ಅದೇನೂ ಇಲ್ಲ. ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ ಕಡೆಯ ನೀರನ್ನೆಲ್ಲ ಕೂಡಿಸಿಕೊಂಡು ನಮ್ಮ ಎರೆ ಸೀಮೆಗೆ ಬರುತ್ತದೆ. ತುಪ್ಪರಿಹಳ್ಳವೂ ಸೇರುತ್ತದೆ. ನಮ್ಮ ಊರಲ್ಲಿ ಬಿಸಿಲು ಇರುತ್ತದೆ, ಮೇಲೆ ಮಳೆ ಆಗಿರುತ್ತದೆ, ರಾತ್ರಿ ಎದ್ದು ನೋಡಿದರೆ ಅಂಗಳದಲ್ಲಿ ನೀರು.

ಹುಬ್ಬಳ್ಳಿಯ ಗಟಾರದ ನೀರು ನಾಲೆ ಹಿಡಿದು ಇದೇ ಹಳ್ಳಕ್ಕೆ ಬರುತ್ತದೆ. ನೆರೆ ಬಂದಾಗ ಮಕ್ಕಳ ಕಾಲಿಗೆ ತಾಗುವುದು ಬರೀ ಮಳೆ ನೀರಲ್ಲ. ತುರಿಕೆ, ಹುಣ್ಣು ಒಂದು ತಿಂಗಳು ಬಿಡುವುದಿಲ್ಲ. ಸೋಪು, ಕೊಬ್ಬರಿ ಎಣ್ಣೆ, ಮಕ್ಕಳ ಅಳತೆಯ ರಬ್ಬರ್ ಚಪ್ಪಲಿ, ಇಷ್ಟು ತನ್ನಿ. ಸಣ್ಣದು ಅನ್ನಿಸಬಹುದು. ಬರಿಗಾಲಲ್ಲಿ ರಾಡಿ ತುಳಿಯುವ ಮಕ್ಕಳಿಗೆ ಇಲಿ ಜ್ವರದ ಭಯವೂ ಇದೆ.

ಹುಬ್ಬಳ್ಳಿಯ ಅಣ್ಣಂದಿರಿಗೆ ಇನ್ನೊಂದು ವಿನಂತಿ. ನಿಮ್ಮಲ್ಲಿ ರಾತ್ರಿಯೆಲ್ಲ ಜೋರು ಮಳೆ ಆದರೆ ನಮ್ಮ ಕಡೆಯ ಪರಿಚಯದವರಿಗೆ ಒಂದು ಫೋನ್ ಮಾಡಿ. ದೊಡ್ಡ ಸಹಾಯ ಅದು.

ವರದಾ ದಂಡೆ, ಹಾವೇರಿ

ನಮ್ಮ ಕಡೆ ಮಾತು ಬೇರೆ. ವರದೆ ಮಲೆನಾಡಿನ ಮಳೆಗೆ ಮೆಲ್ಲಗೆ ಏರುತ್ತಾಳೆ, ಮೆಲ್ಲಗೆ ಇಳಿಯುತ್ತಾಳೆ. ಗಳಗನಾಥದ ಹತ್ತಿರ ತುಂಗಭದ್ರೆ ಸೇರುವ ತನಕ ಹೊಲದಲ್ಲಿ ವಾರಗಟ್ಟಲೆ ನೀರು. ಗೋವಿನಜೋಳ ನಿಂತಲ್ಲೇ ಕೊಳೆಯುತ್ತದೆ. ಟಿವಿಯವರು ಬರುವಂಥ ದೃಶ್ಯ ಇರುವುದಿಲ್ಲ, ಹಾಗಾಗಿ ಟೆಂಪೊಗಳೂ ಬರುವುದಿಲ್ಲ. ದಯವಿಟ್ಟು ನಮ್ಮ ಕಡೆಯೂ ನೋಡಿ.

ನಾನು ಮುಖ್ಯವಾಗಿ ಹೇಳಬೇಕಾದ್ದು ಗೋಡೆ ಬಗ್ಗೆ. ಮಣ್ಣಿನ ಗೋಡೆ ಮಳೆಯಲ್ಲಿ ನೆನೆದು ನಿಂತಿರುತ್ತದೆ. ಮಳೆ ಬಿಟ್ಟು ಬಿಸಿಲು ಬಿತ್ತು, ಇನ್ನೇನೂ ಭಯ ಇಲ್ಲ ಅಂತ ಜನ ಮನೆಗೆ ಹೋಗಿ ಮಲಗುತ್ತಾರೆ. ಅವತ್ತೇ ರಾತ್ರಿ ಗೋಡೆ ಕುಸಿಯುತ್ತದೆ. ಗೋಡೆ ಪಕ್ಕ ಮಲಗುವುದು ಯಾರು? ಮಕ್ಕಳು. ಗೋಡೆ ಕಡೆ ಬೆಚ್ಚಗಿರುತ್ತದೆ ಅಂತ ನಾವೇ ಮಲಗಿಸುತ್ತೇವೆ. ನಮ್ಮ ಪಕ್ಕದ ಓಣಿಯಲ್ಲಿ ಹಾಗೇ ಒಂದು ಮಗು ಹೋಯಿತು. ಬಿರುಕು ಬಿಟ್ಟ, ಉಬ್ಬಿದ ಗೋಡೆ ಇರುವ ಮನೆಯವರನ್ನು ಇನ್ನೂ ಎಂಟು ಹತ್ತು ದಿನ ಶಾಲೆಯಲ್ಲೋ ಗುಡಿಯಲ್ಲೋ ಮಲಗಲು ಒಪ್ಪಿಸಿ. ಅದಕ್ಕೆ ತಾಡಪತ್ರಿ, ಚಾಪೆ ಬೇಕು. ಕಿಟ್‌ಗಿಂತ ಇದು ಮೊದಲು ಅಂತ ನನ್ನ ಅಭಿಪ್ರಾಯ.

ಕನ್ನಡ ಶಾಲೆ ಮಾಸ್ತರು, ಗದಗ ಜಿಲ್ಲೆ

ಶಾಲೆಯಲ್ಲಿ ಮಲಗಿಸಿ ಅನ್ನುವುದು ಸರಿ, ನಾವೇ ಬಾಗಿಲು ತೆಗೆಯುತ್ತೇವೆ. ಆದರೆ ಮೂರು ವಾರ ಕಳೆದರೂ ಪಾಠ ಶುರು ಆಗದಿದ್ದರೆ ಮಕ್ಕಳು ಕೈ ತಪ್ಪಿ ಹೋಗುತ್ತಾರೆ. ನಮ್ಮ 7ನೇ ತರಗತಿಯ ಇಬ್ಬರು ಹುಡುಗರು ಆ ವರ್ಷ ಅಪ್ಪಂದಿರ ಜೊತೆ ದುಡಿಯಲು ಗೋವಾಕ್ಕೆ ಹೋದರು. ಒಬ್ಬ ಮರಳಿ ಬಂದ, ಒಬ್ಬ ಬರಲಿಲ್ಲ. ಹೆಸರು ಬೆಳೆ ಕೈಗೆ ಬರುವ ಹೊತ್ತಿಗೇ ನೀರು ಬಂದಿತ್ತು, ಮನೆಯಲ್ಲಿ ಸಾಲ. ಅವರಪ್ಪನನ್ನು ನಾನು ಹೇಗೆ ಬೈಯಲಿ?

ಹಾಗಾಗಿ ಶಾಲೆಯ ಒಂದು ಕೋಣೆಯನ್ನಾದರೂ ಮೊದಲ ದಿನದಿಂದಲೇ ಮಕ್ಕಳಿಗೆ ಬಿಡಿಸಿಕೊಳ್ಳಿ. ದಿನಕ್ಕೆ ಎರಡು ತಾಸು ಸಾಕು. ಹಾಡು, ಕತೆ, ಚಿತ್ರ, ಕುಂಟೆಬಿಲ್ಲೆ. ನಾನು ಸೀಮೆಸುಣ್ಣ ಕೊಟ್ಟು ಚಿತ್ರ ಬಿಡಿಸಿ ಅಂದಾಗ ಎರಡು ದಿನ ಎಲ್ಲರೂ ಬರೀ ನೀರು ಬಿಡಿಸಿದರು, ಮುಳುಗಿದ ಮನೆ, ಗುಡಿಯ ಕಳಸ. ಮೂರನೇ ದಿನ ಒಬ್ಬಳು ಆಡಿನ ಚಿತ್ರ ಬಿಡಿಸಿದಳು. ಹೊಳೆಸಾಲಿನ ಅಕ್ಕಾರೆ, ನಿಮ್ಮ ಮಗಳ ಮಾತು ಓದಿ ಇದು ನೆನಪಾಯಿತು. ಹೆದರಿದ ಮಕ್ಕಳಿಗೆ ದಿನಾ ಒಂದೇ ಹೊತ್ತಿಗೆ ಒಂದೇ ಕೆಲಸ ನಡೆದರೆ ಮೆಲ್ಲಗೆ ಧೈರ್ಯ ಬರುತ್ತದೆ.

ಪಠ್ಯಪುಸ್ತಕಕ್ಕೆ ದುಡ್ಡು ಹಾಕುವ ಮೊದಲು ಶಾಲೆಯಲ್ಲಿ ಕೇಳಿ, ಇಲಾಖೆಯಿಂದ ಬರಬಹುದು. ನೋಟ್‌ಬುಕ್, ಪೆನ್ನು, ಕಂಪಾಸು, ಚೀಲ ಇವು ಬರುವುದಿಲ್ಲ. ಹತ್ತನೇ ತರಗತಿಯ ಮಕ್ಕಳಿಗೆ ಓದಲು ಬೆಳಕು ಇರುವುದಿಲ್ಲ, ಸೋಲಾರ್ ದೀಪ ಕೊಡಿ.

ಒಂದು ಎಚ್ಚರಿಕೆ. ಕೇಂದ್ರದಲ್ಲಿ ಗುರುತಿಲ್ಲದವರು ಬಂದು "ಈ ಮಗುವನ್ನು ನಾವು ಓದಿಸುತ್ತೇವೆ, ಕರೆದುಕೊಂಡು ಹೋಗುತ್ತೇವೆ" ಅಂದರೆ ಎಷ್ಟೇ ಒಳ್ಳೆಯವರಂತೆ ಕಂಡರೂ ಕಳಿಸಬಾರದು. ಒಂಟಿ ಮಗು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ, ಮಕ್ಕಳ ಕಲ್ಯಾಣ ಸಮಿತಿಯವರು ನೋಡಿಕೊಳ್ಳುತ್ತಾರೆ. ಕಿಟ್ ಹಿಡಿಸಿ ಮಕ್ಕಳ ಫೋಟೊ ತೆಗೆಯುವುದನ್ನೂ ಬಿಡಿ. ಅವರೂ ದೊಡ್ಡವರಾಗುತ್ತಾರೆ.

ಕೇಶ್ವಾಪುರದವ

ಎಲ್ಲ ಓದಿದ ಮೇಲೆ ಅನ್ನಿಸುತ್ತಿದೆ, ಸಾಮಾನು ಒಯ್ಯುವ ಬದಲು ಕೈಗೆ ದುಡ್ಡು ಕೊಟ್ಟರೆ ಅವರಿಗೆ ಬೇಕಾದದ್ದು ಅವರೇ ತಗೋತಾರೆ ಅಲ್ವಾ? ಸರ್ಕಾರದಿಂದಲೂ ಪರಿಹಾರ ಬರುತ್ತದಲ್ಲ.

ವರದಾ ದಂಡೆ, ಹಾವೇರಿ

ಮೊದಲ ವಾರ ದುಡ್ಡು ಇದ್ದರೂ ಅಂಗಡಿ ಇರುವುದಿಲ್ಲ, ತಮ್ಮಾ. ಸಂತೆ ಮತ್ತೆ ಕೂಡಿದ ಮೇಲೆ ದುಡ್ಡೇ ಒಳ್ಳೆಯದು. ಮನೆಯ ಹೆಣ್ಣುಮಗಳ ಖಾತೆಗೆ ಹಾಕಿ, ಅದು ಮಕ್ಕಳ ಹೊಟ್ಟೆಗೆ ಬೇಗ ಮುಟ್ಟುತ್ತದೆ.

ಪರಿಹಾರದ ಮಾತು ಉದ್ದ. 2019ರಲ್ಲಿ ತಕ್ಷಣದ ಖರ್ಚಿಗೆ ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂತ ಸರ್ಕಾರ ಹೇಳಿತ್ತು. ಬಿದ್ದ ಮನೆಗಳನ್ನು ಎಷ್ಟು ಹಾನಿ ಅಂತ ನೋಡಿ ಎ, ಬಿ, ಸಿ ಅಂತ ಮೂರು ಭಾಗ ಮಾಡಿದರು. ಕಟ್ಟಿದಷ್ಟಕ್ಕೆ ಕಂತಿನಲ್ಲಿ ದುಡ್ಡು. ತಳಪಾಯಕ್ಕೆ ಕೈಯಲ್ಲಿ ದುಡ್ಡಿಲ್ಲದವರು ಅಲ್ಲೇ ನಿಂತರು. ಒಂದೇ ಮನೆ ನಂಬರಿನಲ್ಲಿ ಮೂರು ಅಣ್ಣತಮ್ಮಂದಿರ ಒಲೆ ಇದ್ದರೂ ಒಂದೇ ಕುಟುಂಬ ಅಂದರು. ಮನೆಯ ಹಕ್ಕಿನ ಕಾಗದ ಅಂದರೆ ಉತಾರದಲ್ಲಿ ಸತ್ತ ಅಜ್ಜನ ಹೆಸರಿದ್ದವರು, ಬಾಡಿಗೆಗೆ ಇದ್ದವರು, ಇವರೆಲ್ಲ ಅಲೆದರು. ನಮ್ಮದೇ ಅರ್ಜಿ ಒಂದು ಕಚೇರಿಯಲ್ಲಿ ಎರಡು ಸಲ ಕಳೆದುಹೋಯಿತು.

ನೀವು ಓದಿದವರು. ಬಂದು ಒಂದು ದಿನ ಮೇಜು ಹಾಕಿ ಕೂತು ಅರ್ಜಿ ಬರೆದುಕೊಡಿ. ಬಿದ್ದ ಮನೆಯ ಫೋಟೊ ಒಳಗೂ ಹೊರಗೂ ತೆಗೆದುಕೊಡಿ, ರಾಡಿ ತೆಗೆದುಹಾಕುವ ಮೊದಲೇ. ಕೊಟ್ಟ ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯಿರಿ. ನಮ್ಮ ಹೆಣ್ಣುಮಕ್ಕಳ ಜೊತೆ ತಹಶೀಲ್ದಾರ್ ಕಚೇರಿಗೆ ನಡೆದು ಬನ್ನಿ. ಯಾವ ಕಿಟ್‌ಗಿಂತಲೂ ಇದರ ಬೆಲೆ ಜಾಸ್ತಿ.

ಎರೆಹೊಲ, ನವಲಗುಂದ

2009ರ ನೆರೆ ಆದ ಮೇಲೆ ಆಸರೆ ಯೋಜನೆಯಲ್ಲಿ ಬೇರೆ ಜಾಗದಲ್ಲಿ ಮನೆ ಕಟ್ಟಿಕೊಟ್ಟಿದ್ದರಲ್ಲ, ಅಲ್ಲಿಗೆ ಎಷ್ಟೋ ಜನ ಹೋಗಲಿಲ್ಲ, ಅದಕ್ಕೇ 2019ರಲ್ಲಿ ಮತ್ತೆ ಮುಳುಗಿದರು ಅಂತ ಬೈಯುವವರಿದ್ದಾರೆ. ಎರಡು ಕೋಣೆಯ ಮನೆಯಲ್ಲಿ ಎತ್ತು ಎಲ್ಲಿ ಕಟ್ಟಬೇಕು? ಹೊಲ ದೂರ. ಬಾಣಂತಿ ಇರುವ ಮನೆಗೆ ನೀರು ದೂರ ಆದರೆ ನಡೆಯುತ್ತದಾ? ಊರು ಎತ್ತರಕ್ಕೆ ಹೋಗಲೇಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಶಾಲೆ, ಅಂಗನವಾಡಿ, ನಳ ಮೊದಲು ಬರಲಿ. ತಾಯಂದಿರು ತಾವೇ ಹೋಗುತ್ತಾರೆ.

ವಿದ್ಯಾನಗರ ಓಣಿ, ಹುಬ್ಬಳ್ಳಿ

ಎಲ್ಲರ ಮಾತನ್ನೂ ಓಣಿಯವರಿಗೆ ಓದಿ ಹೇಳಿದೆ. ದುಡ್ಡನ್ನು ಎರಡು ಪಾಲು ಮಾಡುತ್ತೇವೆ. ಮೊದಲ ವಾರಕ್ಕೆ ಸಣ್ಣ ಪಾಲು, ಮೂರನೇ ವಾರಕ್ಕೆ ದೊಡ್ಡದು. ನನ್ನ ಹೆಂಡತಿ, ಪಕ್ಕದ ಮನೆಯ ನರ್ಸ್ ಅಕ್ಕ ಇಬ್ಬರೂ ಜೊತೆಗೆ ಬರುತ್ತಾರೆ. ಅರ್ಜಿ ಬರೆಯಲು ನಿವೃತ್ತ ಗುಮಾಸ್ತರು ಒಬ್ಬರು ಒಪ್ಪಿದ್ದಾರೆ. ಹೊರಡುವ ಮೊದಲು ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ಕೇಳಿ ಎಲ್ಲಿ ಏನು ಕಡಿಮೆ ಇದೆ ಅಂತ ತಿಳಿದುಕೊಂಡು ಬರುತ್ತೇವೆ. ಮಕ್ಕಳ ಚಡ್ಡಿ, ಫ್ರಾಕು, ಚಪ್ಪಲಿ ಹೊಸದಾಗಿಯೇ ತರುತ್ತೇವೆ, 2 ವರ್ಷದಿಂದ 14 ವರ್ಷದವರೆಗಿನ ಅಳತೆಯಲ್ಲಿ.

ಹೊಳೆಸಾಲಿನ ಅಕ್ಕಾ, ಕೌದಿ ಬಗ್ಗೆ ಒಂದು ಪ್ರಶ್ನೆ. ನಮ್ಮ ಓಣಿಯ ಅಜ್ಜಿಯರು ಹೊಲಿದುಕೊಡಲು ಸಿದ್ಧ ಇದ್ದಾರೆ. ಎಷ್ಟು ದೊಡ್ಡದು ಬೇಕು?

ಹೊಳೆಸಾಲಿನ ಮಗಳು, ರೋಣ ತಾಲ್ಲೂಕು

ತಾಯಿ, ಇಬ್ಬರು ಮಕ್ಕಳು ಸೇರಿ ಹೊದೆಯುವಷ್ಟು ಇರಲಿ ಅಣ್ಣಾ. ಪದರ ಜಾಸ್ತಿ ಹಾಕುವುದು ಬೇಡ ಅಂತ ಅಜ್ಜಿಯರಿಗೆ ಹೇಳಿ, ದಪ್ಪ ಆದರೆ ಒಗೆದಾಗ ಒಣಗುವುದಿಲ್ಲ. ಹಳೆಯ ಕಾಟನ್ ಸೀರೆಯೇ ಸಾಕು. ಜರಿ ಸೀರೆ ಬೇಡ, ಕೂಸಿನ ಮೈಗೆ ಚುಚ್ಚುತ್ತದೆ.